ದುರ್ಗದ ಬಸ್ಸಿನಲ್ಲಿ 1943ರ ಫೋನ್ ಕಾಲ್

ಹಳೇ ರೇಡಿಯೋ ನಾಟಕ ಕೇಳ್ತೀನಿ ಅಂದರೆ ಸಾಕು, ಎದುರಿಗಿದ್ದವರು "ಆಹಾ, ಆ ಕಾಲವೇ ಕಾಲ ಬಿಡಿ" ಅಂದುಬಿಡುತ್ತಾರೆ. ಈ ಮಾತಿಗೆ ನಾನು ಹೂಂಗುಡುವುದಿಲ್ಲ. ನಾನು ಕೇಳುವ ನಾಟಕಗಳಲ್ಲಿ ಜಾಸ್ತಿ ಪಾಲು ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನವು. ಕಾಣದ ದೇಶದವು, ನಮ್ಮ ಮನೆಯಲ್ಲಿ ಯಾರೂ ಆಡದ ಭಾಷೆಯವು. ಅವುಗಳ ಬಗ್ಗೆ ನನಗೆಲ್ಲಿಂದ ನೆನಪು ಬರಬೇಕು? ಇವತ್ತಿಗೂ ಅವು ಹಿಡಿದು ಕೂರಿಸುತ್ತವೆ, ಅದಕ್ಕೆ ಕೇಳುತ್ತೇನೆ. ಇನ್ನೂ ಒಂದು ಮಾತು ಹೇಳುತ್ತೇನೆ, ಸಿಟ್ಟು ಮಾಡ್ಕೋಬೇಡಿ. ರೇಡಿಯೋ ನಾಟಕವನ್ನು ಕೇಳಬೇಕಾದ ಹಾಗೆ ಕೇಳೋಕೆ ಆಗ್ತಿರೋದು ಈಗಲೇ, ಇಂಟರ್ನೆಟ್ ಬಂದ ಮೇಲೆ.

ಕೆಲಸದ ಮೇಲೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಲ್ಲಿ ಓಡಾಡುವವನು ನಾನು. ಅರವತ್ತು ಕಿಲೋಮೀಟರ್ ದಾರಿ. ಅರ್ಧರ್ಧ ಗಂಟೆಯ ಎರಡು ನಾಟಕ ಆರಾಮಾಗಿ ಮುಗಿಯುತ್ತವೆ. ಆನಗೋಡು ದಾಟುವ ಹೊತ್ತಿಗೆ ಕತೆ ಬಿಗಿಯಾಗಿರುತ್ತದೆ, ಭರಮಸಾಗರದ ಹತ್ತಿರ ಒಂದು ಮುಗಿದು ಇನ್ನೊಂದು ಶುರು. ಆಮೇಲೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣುತ್ತವೆ, ಇಳಿಯಬೇಕು. ಬಸ್ಸಲ್ಲಿ ಹಾಡು, ಪಕ್ಕದವರ ಫೋನಿನ ರೀಲ್ಸು, ಕಂಡಕ್ಟರ್ ಕೂಗು ಎಲ್ಲ ಇರುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರೆ ಅದ್ಯಾವುದೂ ಲೆಕ್ಕಕ್ಕಿಲ್ಲ.

ಮೊದಲು ನನ್ನನ್ನು ಹಿಡಿದು ಹಾಕಿದ ನಾಟಕ 'ಸಾರಿ, ರಾಂಗ್ ನಂಬರ್'. ಬರೆದವರು ಲೂಸಿಲ್ ಫ್ಲೆಚರ್. ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ 'ಸಸ್ಪೆನ್ಸ್' ಅನ್ನುವ ಮಾಲಿಕೆಯಲ್ಲಿ 1943ರ ಮೇ 25ರಂದು ಮೊದಲ ಸಲ ಬಂತು. ಹಾಸಿಗೆ ಹಿಡಿದ ಒಬ್ಬ ಹೆಂಗಸು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಗಂಡನ ಆಫೀಸಿಗೆ ಫೋನ್ ಮಾಡುತ್ತಾಳೆ, ಲೈನು ಅಡ್ಡಾದಿಡ್ಡಿ ಸೇರಿಕೊಂಡು ಇಬ್ಬರು ಗಂಡಸರ ಮಾತು ಕಿವಿಗೆ ಬೀಳುತ್ತದೆ. ಆ ರಾತ್ರಿ ಹನ್ನೊಂದೂ ಕಾಲಿಗೆ ಒಬ್ಬ ಹೆಂಗಸನ್ನು ಕೊಲ್ಲಬೇಕು ಅಂತ ಅವರು ಮಾತಾಡಿಕೊಳ್ಳುತ್ತಿದ್ದಾರೆ. ಅದೇ ಹೊತ್ತಿಗೆ ಸೇತುವೆ ಮೇಲೆ ರೈಲು ಹೋಗುತ್ತದೆ, ಅವಳು ಕಿರುಚಿದರೂ ಯಾರಿಗೂ ಕೇಳುವುದಿಲ್ಲ. ಇಷ್ಟು ಕೇಳಿಸಿ ಲೈನು ಕಟ್. ಆಮೇಲೆ ಅರ್ಧ ಗಂಟೆ ಅವಳು ಆಪರೇಟರಿಗೆ, ಪೊಲೀಸಿಗೆ, ಆಸ್ಪತ್ರೆಗೆ ಫೋನ್ ಮಾಡುತ್ತಲೇ ಇರುತ್ತಾಳೆ. ಎಲ್ಲರೂ ಮರ್ಯಾದೆಯಾಗೇ ಮಾತಾಡುತ್ತಾರೆ, ಆದರೆ ಯಾರೂ ನಂಬುವುದಿಲ್ಲ. ಆ ಪಾತ್ರ ಮಾಡಿದವರು ಆಗ್ನೆಸ್ ಮೂರ್‌ಹೆಡ್. ಅವರ ದನಿ ಮೊದಲ ನಿಮಿಷದಲ್ಲಿ ರಗಳೆ ಮಾಡುವ ಶ್ರೀಮಂತ ಹೆಂಗಸಿನದು, ಕೇಳುವವರಿಗೇ ಕಿರಿಕಿರಿ ಆಗುತ್ತದೆ. ಹೋಗ್ತಾ ಹೋಗ್ತಾ ಆ ದನಿಯಲ್ಲಿ ಏನೋ ಒಂದು ಬಿರುಕು ಬಿಡುತ್ತದೆ. ಎಲ್ಲಿ ಬಿಟ್ಟಿತು ಅಂತ ಹುಡುಕಲು ನಾನು ಅದನ್ನು ಎಷ್ಟೋ ಸಲ ಹಿಂದಕ್ಕೆ ಹಾಕಿ ಕೇಳಿದ್ದೇನೆ. ಕೊನೆ ಏನು ಅಂತ ಹೇಳುವುದಿಲ್ಲ, ಕೇಳಿ.

ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರಿಗೆ, ಮಾತಿನ ನಡುವೆ ಇನ್ಯಾರದೋ ಮಾತು ತೂರಿ ಬಂದದ್ದನ್ನು ಕೇಳಿದವರಿಗೆ ಈ ಕತೆ ಅಮೆರಿಕದ್ದು ಅನ್ನಿಸುವುದೇ ಇಲ್ಲ. ಇನ್ನು ರೈಲು. ದಾವಣಗೆರೆಯಲ್ಲಿ ಅಶೋಕ ರಸ್ತೆ ಗೇಟಿನ ಹತ್ತಿರ ಬೆಳೆದವರಿಗೆ ರೈಲು ಬಂದಾಗ ಮನೆಯೊಳಗಿನ ಮಾತು ಹೇಗೆ ನಿಂತುಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಲೇಖಕಿ ಅದನ್ನೇ ಕೊಲೆಯ ಗಡಿಯಾರ ಮಾಡಿಕೊಂಡರು. ನಾಟಕದ ಮೊದಲಲ್ಲೇ 'ರೈಲು' ಅಂತ ಹೇಳಿಟ್ಟಿದ್ದಾರಲ್ಲ, ಅಲ್ಲಿಂದ ನಮ್ಮ ಕಿವಿ ರೈಲಿಗಾಗಿ ಕಾಯುತ್ತಾ ಕೂತಿರುತ್ತದೆ.

ಈಗ 'ಆ ಕಾಲವೇ ಕಾಲ'ಕ್ಕೆ ಬರೋಣ. ನಮ್ಮ ಕಡೆ ರೇಡಿಯೋ ಅಂದರೆ ಭದ್ರಾವತಿ. "ತರಂಗಾಂತರ 444.4 ಮೀಟರ್, ಅಂದರೆ 675 ಕಿಲೋಹರ್ಟ್ಜ್" ಅನ್ನುವ ಸಾಲು ನಮ್ಮ ಮನೆಯ ದೊಡ್ಡವರಿಗೆಲ್ಲ ಬಾಯಿಪಾಠ. 1965ರಲ್ಲಿ ಆ ನಿಲಯ ಶುರುವಾದ ಮೇಲೆ ಈ ಭಾಗದವರಿಗೆ ನಾಟಕ, ಕೃಷಿ ಮಾತು, ಚಿತ್ರಗೀತೆ ಎಲ್ಲ ಅಲ್ಲಿಂದಲೇ. ಆದರೆ ಅದನ್ನು ಕೇಳುತ್ತಿದ್ದದ್ದು ಹೇಗೆ? ಮನೆಗೊಂದೇ ಸೆಟ್ಟು, ಅದು ಪಡಸಾಲೆಯಲ್ಲಿ. ಅದರ ಮೇಲೆ ಹಕ್ಕು ದೊಡ್ಡಪ್ಪನದು. ಹೆಂಗಸರು ಅಡುಗೆಮನೆಯಲ್ಲಿ, ಒಲೆಯ ಮುಂದೆ, ಕಿವಿ ಮಾತ್ರ ಪಡಸಾಲೆಯ ಕಡೆ. ಕತೆ ಬಿಗಿಯಾದ ಹೊತ್ತಿಗೆ ಸರಿಯಾಗಿ ಬೀಗರು ಬರುತ್ತಾರೆ. ಇಲ್ಲವೇ ಮಗು ಏಳುತ್ತದೆ. ಇಲ್ಲವೇ ಮೀಡಿಯಂ ವೇವ್‌ನಲ್ಲಿ ಗರಗರ ಶುರುವಾಗುತ್ತದೆ, ಸೆಟ್ಟನ್ನು ಎಡಕ್ಕೆ ತಿರುಗಿಸು ಬಲಕ್ಕೆ ತಿರುಗಿಸು ಅನ್ನುವಷ್ಟರಲ್ಲಿ ಗುಟ್ಟು ಹೊರಗೆ ಬಂದು ಮುಗಿದಿರುತ್ತದೆ. ತಪ್ಪಿತು ಅಂದರೆ ತಪ್ಪಿತು, ಅಷ್ಟೇ. ಅರ್ಧ ಕೇಳಿದ ನಾಟಕಗಳನ್ನು ಹೊತ್ತುಕೊಂಡೇ ನಮ್ಮ ಅಮ್ಮಂದಿರು ವಯಸ್ಸಾದರು.

ಈಗ? ಕೇಳಿಸಲಿಲ್ಲವಾ, ಹದಿನೈದು ಸೆಕೆಂಡ್ ಹಿಂದೆ ಹೋಗು. 1940ರ ಅಮೆರಿಕದವರ ಇಂಗ್ಲಿಷು ನನಗೆ ಒಂದೇ ಸಲಕ್ಕೆ ಪೂರ್ತಿ ಹತ್ತುವುದಿಲ್ಲ, ಮಾತು ಬಹಳ ಫಾಸ್ಟು. ಎರಡನೇ ಸಲಕ್ಕೆ ಹತ್ತುತ್ತದೆ. ಅಡುಗೆ ಮುಗಿಸಿ, ಬಾಗಿಲು ಹಾಕಿ, ಲೈಟ್ ಆರಿಸಿ, ಕಿವಿಯೊಳಗೇ ಕೇಳಬಹುದು. ಬರೆದವರು, ಆಡಿದವರು ಇಂಥ ಕೇಳುಗರಿಗಾಗಿಯೇ ಕೆಲಸ ಮಾಡಿದ್ದರು ಅನ್ನಿಸುತ್ತದೆ. ಅವರಿಗೆ ಆಗ ಸಿಕ್ಕಿದ್ದು ಒಂದು ಕಣ್ಣು ಹಾಲಿನ ಮೇಲೆ ಇಟ್ಟುಕೊಂಡು ಕೇಳುವವರು, ಪಾಪ.

ಕತ್ತಲು ಅಂದೆನಲ್ಲ, ಅದಕ್ಕೊಂದು ದೊಡ್ಡ ಕತೆಯೇ ಇದೆ. 1924ರ ಜನವರಿ 15ರಂದು ಬಿಬಿಸಿ 'ಎ ಕಾಮಿಡಿ ಆಫ್ ಡೇಂಜರ್' ಅನ್ನುವ ನಾಟಕ ಪ್ರಸಾರ ಮಾಡಿತು. ಬರೆದವರು ರಿಚರ್ಡ್ ಹ್ಯೂಸ್. ರೇಡಿಯೋಗೆಂದೇ ಬರೆದ ಮೊದಲ ನಾಟಕಗಳಲ್ಲಿ ಇದರ ಹೆಸರು ಬರುತ್ತದೆ. ವೇಲ್ಸಿನ ಒಂದು ಕಲ್ಲಿದ್ದಲು ಗಣಿ, ಅದನ್ನು ನೋಡಲು ಹೋದ ಒಂದಿಷ್ಟು ಜನ. ಶುರುವಿನಲ್ಲೇ ದೀಪ ಆರುತ್ತದೆ. "ದೀಪ ಹೋಯ್ತು!" ಅನ್ನುವುದು ಮೊದಮೊದಲ ಮಾತುಗಳಲ್ಲೇ ಬರುತ್ತದೆ. ಆಮೇಲೆ ನೀರು ನುಗ್ಗುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಕೇಳುಗನಿಗೆ ಏನೂ ಕಾಣುವುದಿಲ್ಲ ಅನ್ನುವುದು ರೇಡಿಯೋದ ತೊಂದರೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿರುವಾಗ, ಈ ಮನುಷ್ಯ ಪಾತ್ರಗಳಿಗೂ ಏನೂ ಕಾಣದ ಹಾಗೆ ಮಾಡಿಬಿಟ್ಟ. ಇಬ್ಬರೂ ಸಮ ಆದರು. ಲೋಡ್ ಶೆಡ್ಡಿಂಗ್ ರಾತ್ರಿಗಳಲ್ಲಿ ಟಿವಿ ಸತ್ತು ಟ್ರಾನ್ಸಿಸ್ಟರ್ ಒಂದೇ ಮಾತಾಡುತ್ತಿದ್ದದ್ದನ್ನು ಕಂಡ ನಮ್ಮೂರಿನವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕರೆಂಟು ಹೋದಾಗ ಕಿವಿಗಳು ನಿಜವಾಗಲೂ ಚುರುಕಾಗುತ್ತವೆ.

ದಾವಣಗೆರೆ ಹೇಳಿ ಕೇಳಿ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿ ನಾಟಕದಲ್ಲಿ ದನಿ ಅಂದರೆ ಕೊನೆಯ ಸಾಲಿನವನ ಎದೆಗೆ ಮುಟ್ಟುವ ದನಿ. ಗುಟ್ಟು ಹೇಳಿದರೂ ಟೆಂಟಿನ ಆಚೆ ಕೇಳಬೇಕು, ಅಳು ಬಂದರೂ ಹಾರ್ಮೋನಿಯಂ ಮೇಲೆ ಎದ್ದು ನಿಲ್ಲಬೇಕು. ಆ ಕಲೆಯ ಮೇಲೆ ನನಗೆ ಅಪಾರ ಗೌರವ. ರೇಡಿಯೋ ನಾಟಕ ಇದಕ್ಕೆ ಪೂರ್ತಿ ತಿರುವುಮುರುವು. ಇಲ್ಲಿ ಕೊನೆಯ ಸಾಲು ಅನ್ನುವುದೇ ಇಲ್ಲ, ಎಲ್ಲರೂ ಒಂದು ಗೇಣು ದೂರದಲ್ಲಿ ಕೂತವರು. ನಟ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಪಾತ್ರ ಕೋಣೆಯ ಆಚೆ ತುದಿಗೆ ಹೋಯಿತು ಅಂತ ಅರ್ಥ. ಮೈಕಿಗೆ ತುಟಿ ಹತ್ತಿರ ತಂದು ಪಿಸುಗುಟ್ಟಿದರೆ ಅದು ಮನಸ್ಸಿನೊಳಗಿನ ಮಾತು. ಒಂದು ಉಸಿರು, ಒಂದು ಉಗುಳು ನುಂಗುವ ಸದ್ದು, ಅಷ್ಟರಲ್ಲೇ ಪಾತ್ರ ಸುಳ್ಳು ಹೇಳ್ತಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಚಾರ ಕೇಳ್ತಾ ಕೇಳ್ತಾ ಹೊಳೆದದ್ದು. ರೇಡಿಯೋ ನಾಟಕದಲ್ಲಿ ಮಾತಾಡದ ಪಾತ್ರ ಇಲ್ಲವೇ ಇಲ್ಲ. ಸ್ಟೇಜಿನ ಮೂಲೆಯಲ್ಲಿ ಸುಮ್ನೆ ನಿಂತ ಆಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತಾನೆ. ರೇಡಿಯೋದಲ್ಲಿ ಎರಡು ನಿಮಿಷ ಬಾಯಿ ಬಿಡದಿದ್ದರೆ ಅವನು ಅಲ್ಲಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಸಾಧಾರಣ ಬರಹಗಾರರು "ಏನು ಮಾವ, ಈಗ ಬಂದ್ರಾ, ಕೂತ್ಕೊಳ್ಳಿ" ಅಂತ ಬಂದವರನ್ನೆಲ್ಲ ಹೆಸರು ಹಿಡಿದು, ನೆಂಟಸ್ತನ ಹಿಡಿದು ಕೂಗಿಸುತ್ತಲೇ ಇರುತ್ತಾರೆ. ಒಳ್ಳೆಯ ಬರಹಗಾರರು ಈ ಮರೆವನ್ನೇ ಬಳಸಿಕೊಳ್ಳುತ್ತಾರೆ. ಇಬ್ಬರೇ ಇದ್ದಾರೆ ಅಂದುಕೊಂಡು ನಾವು ಗುಟ್ಟು ಕೇಳುತ್ತಿರುತ್ತೇವೆ. ಆಗ ಮೂರನೆಯವನೊಬ್ಬ ಕೆಮ್ಮುತ್ತಾನೆ. ಮೈ ಜುಂ ಅನ್ನುತ್ತದೆ. ಸಿನಿಮಾದಲ್ಲಿ ಇದನ್ನು ಮಾಡಲು ಎಷ್ಟು ಕಸರತ್ತು ಬೇಕು ಯೋಚನೆ ಮಾಡಿ, ಇಲ್ಲಿ ಒಂದು ಕೆಮ್ಮು ಸಾಕು.

ಸದ್ದುಗಳ ಕಾರುಬಾರು ಬೇರೆಯೇ ಲೋಕ. ಕುದುರೆ ಬೇಕೆಂದರೆ ಎರಡು ತೆಂಗಿನ ಕರಟ. ಬೆಂಕಿಗೆ ಸೆಲೋಫೇನ್ ಹಾಳೆಯನ್ನು ಮೈಕಿನ ಮುಂದೆ ಹಿಸುಕುವುದು. ಹಿಮದ ಮೇಲಿನ ಹೆಜ್ಜೆಗೆ ಕಾರ್ನ್‌ಫ್ಲೋರ್ ತುಂಬಿದ ಚೀಲ, ಅದನ್ನು ಅದುಮಿದರೆ ಕರಕರ. ಗುಡುಗಿಗೆ ತಗಡು. ಇದನ್ನೆಲ್ಲ ನಟರ ಪಕ್ಕದಲ್ಲೇ ನಿಂತು, ಮಾತಿಗೆ ತಾಳ ತಪ್ಪದ ಹಾಗೆ ಮಾಡಬೇಕಿತ್ತು. ಯಾಕೆಂದರೆ ಆಗ ಅಮೆರಿಕದ ದೊಡ್ಡ ಜಾಲಗಳಲ್ಲಿ ನಾಟಕ ಬಹುತೇಕ ಲೈವ್. ಪೂರ್ವ ತೀರಕ್ಕೂ ಪಶ್ಚಿಮ ತೀರಕ್ಕೂ ಮೂರು ಗಂಟೆ ವ್ಯತ್ಯಾಸ ಇರುವುದರಿಂದ ಎಷ್ಟೋ ಕಾರ್ಯಕ್ರಮಗಳನ್ನು ಒಂದೇ ರಾತ್ರಿ ಎರಡು ಸಲ ಆಡುತ್ತಿದ್ದರು.

ಇಷ್ಟೆಲ್ಲ ಸದ್ದುಗಳ ನಡುವೆ ನನಗೆ ಬಹಳ ಇಷ್ಟವಾದದ್ದು ಸದ್ದಿಲ್ಲದ ಕೆಲವು ಸೆಕೆಂಡು. 1938ರ ಅಕ್ಟೋಬರ್ 30ರಂದು ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಅವರ ತಂಡ ಆಡಿದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಬಗ್ಗೆ ಎಲ್ಲರೂ ಒಂದೇ ಕತೆ ಹೇಳುತ್ತಾರೆ: ಮಂಗಳ ಗ್ರಹದವರು ದಾಳಿ ಮಾಡಿದ್ದು ನಿಜ ಅಂದುಕೊಂಡು ಜನ ಬೀದಿಗೆ ಓಡಿದರು ಅಂತ. ಆ ಗಾಬರಿಯನ್ನು ಪತ್ರಿಕೆಗಳು ಬಹಳ ಉಬ್ಬಿಸಿ ಬರೆದವು ಅಂತ ಆಮೇಲೆ ಸಂಶೋಧಕರು ತೋರಿಸಿದ್ದಾರೆ. ಗಾಬರಿಯ ಕತೆ ಬಿಡಿ, ನಾಟಕ ಕೇಳಿ. ಡ್ಯಾನ್ಸ್ ಸಂಗೀತ ನಡೆದಿರುತ್ತದೆ, ನಡುವೆ ಒಂದು ಸುದ್ದಿ, ಮತ್ತೆ ಸಂಗೀತ, ಮತ್ತೆ ಸುದ್ದಿ. ಗ್ರೋವರ್ಸ್ ಮಿಲ್ ಅನ್ನುವ ಹಳ್ಳಿಯ ಹೊಲದಲ್ಲಿ ನಿಂತ ವರದಿಗಾರ, ಮಂಗಳ ಗ್ರಹದಿಂದ ಬಂದವರು ಬೆಂಕಿ ಉಗುಳುವುದನ್ನು ಬಣ್ಣಿಸುತ್ತಿರುತ್ತಾನೆ. ಆ ಪಾತ್ರ ಮಾಡಿದ ಫ್ರಾಂಕ್ ರೀಡಿಕ್, ಅದಕ್ಕೂ ಒಂದು ವರ್ಷ ಹಿಂದೆ ಹಿಂಡನ್‌ಬರ್ಗ್ ವಾಯುನೌಕೆ ಉರಿದುಬಿದ್ದಾಗ ವರದಿಗಾರನೊಬ್ಬ ಅಳುತ್ತಾ ಮಾಡಿದ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿ ತಯಾರಾಗಿದ್ದರಂತೆ. ಅವನ ಮಾತು ಅರ್ಧಕ್ಕೇ ಕಡಿದುಹೋಗುತ್ತದೆ. ಆಮೇಲೆ ಏನೂ ಇಲ್ಲ. ಬರೀ ಮೌನ. ಒಂದು, ಎರಡು, ಮೂರು... ರೇಡಿಯೋದಲ್ಲಿ ಅದು ಬಹಳ ದೊಡ್ಡ ಹೊತ್ತು. ಅದಾದ ಮೇಲೆ ನಮ್ಮ "ಅಡಚಣೆಗಾಗಿ ವಿಷಾದಿಸುತ್ತೇವೆ" ಥರದ್ದೇ ಒಂದು ಶಾಂತ ದನಿ, ಹಿಂದೆಯೇ ಪಿಯಾನೋ. ಹೊಲದಲ್ಲಿ ನಿಂತವರೆಲ್ಲ ಏನಾದರು ಅಂತ ಆ ಹೊತ್ತಿಗೆ ಯಾರೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಈಗಿನ ಆಡಿಯೋ ಕತೆಗಳಲ್ಲಿ ನನಗೆ ಸಿಗದಿರುವುದು ಇದೇ. ಕನ್ನಡದಲ್ಲೂ ಕಿವಿಗೆ ಹೇಳುವ ಕತೆಗಳು ಈಗ ಬೇಕಾದಷ್ಟು ಬರುತ್ತಿವೆ, ಸಂತೋಷ. ಆದರೆ ಹಿಂದೆ ಒಂದು ಸಂಗೀತ ಕೊನೆತನಕ ಕುಯ್ಯುತ್ತಲೇ ಇರುತ್ತದೆ. ಕೇಳುಗ ಎಲ್ಲಿ ಎದ್ದು ಹೋಗಿಬಿಡುತ್ತಾನೋ ಅನ್ನುವ ಭಯಕ್ಕೆ ಒಂದು ಸೆಕೆಂಡೂ ಖಾಲಿ ಬಿಡುವುದಿಲ್ಲ. ಸ್ವಲ್ಪ ಬಿಡಿ ಮಾರಾಯರೇ. ನಾವು ಎಲ್ಲೂ ಹೋಗುವುದಿಲ್ಲ.

ಲೈವ್ ಆಡಿದ ನಾಟಕಗಳು ನಮ್ಮ ಫೋನಿನ ತನಕ ಬಂದದ್ದು ಹೇಗೆ ಅನ್ನುವುದೂ ಸಣ್ಣ ವಿಷಯವಲ್ಲ. ಹದಿನಾರು ಇಂಚಿನ ದೊಡ್ಡ ತಟ್ಟೆಗಳ ಮೇಲೆ ಅವನ್ನು ಕೊರೆದು ಇಡುತ್ತಿದ್ದರು. ಒಂದು ಮಗ್ಗುಲಿಗೆ ಹದಿನೈದು ನಿಮಿಷ. ಒಳಗೆ ಅಲ್ಯೂಮಿನಿಯಂ, ಮೇಲೆ ಲ್ಯಾಕರ್ ಲೇಪ. ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದಾದಾಗ ಗಾಜಿನ ತಟ್ಟೆ ಬಂತು, ಅದು ಕೈಜಾರಿದರೆ ಮುಗಿಯಿತು. ವಿದೇಶದಲ್ಲಿದ್ದ ಸೈನಿಕರಿಗಾಗಿ ಜಾಹೀರಾತು ತೆಗೆದು ಬೇರೆ ತಟ್ಟೆಗಳನ್ನೂ ಮಾಡಿ ಕಳಿಸುತ್ತಿದ್ದರು, ಅವುಗಳಲ್ಲೂ ಎಷ್ಟೋ ನಾಟಕ ಉಳಿದವು. 1962ರ ಸೆಪ್ಟೆಂಬರ್ 30ಕ್ಕೆ 'ಸಸ್ಪೆನ್ಸ್' ನಿಂತಿತು, ಅದರ ಜೊತೆ ಒಂದು ಯುಗವೇ ಮುಗಿಯಿತು ಅನ್ನುತ್ತಾರೆ. ಆಮೇಲೆ ಈ ತಟ್ಟೆಗಳನ್ನು ಕಸದ ಪಾಲಾಗದ ಹಾಗೆ ಕಾಪಾಡಿ, ಟೇಪಿಗೆ ಇಳಿಸಿ, ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಂಡವರು ಸುಮ್ನೆ ಹುಚ್ಚು ಹಿಡಿದ ಸಂಗ್ರಹಕಾರರು. ಅವರಿಂದಲೇ ಇವತ್ತು ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ಸಾವಿರಾರು ಕಂತುಗಳು ಪುಕ್ಕಟೆ ಸಿಗುತ್ತಿವೆ. 'ಸಸ್ಪೆನ್ಸ್' ಒಂದರಲ್ಲೇ ಒಂಬೈನೂರಕ್ಕೂ ಹೆಚ್ಚು ಕಂತು ಬಂದಿತ್ತು, ಬಹುಪಾಲು ಉಳಿದಿವೆ. ಕೆಲವದರಲ್ಲಿ ನಡುವೆ ವೈನ್ ಕಂಪನಿಯ ಜಾಹೀರಾತು, ಯುದ್ಧದ ಬಾಂಡ್ ಕೊಳ್ಳಿ ಅನ್ನುವ ಮನವಿ ಎಲ್ಲ ಹಾಗೇ ಇವೆ. ನಾನು ಅವನ್ನು ಓಡಿಸುವುದಿಲ್ಲ, ಅವೂ ಬೇಕು.

ಇಲ್ಲಿಗೆ ಬಂದಾಗ ಮನಸ್ಸಿಗೆ ಕಸಿವಿಸಿ. ನಮ್ಮವು ಎಲ್ಲಿ?

ರೇಡಿಯೋದಲ್ಲಿ ನಾವೇನು ಹಿಂದೆ ಬಿದ್ದವರಲ್ಲ. 1935ರಲ್ಲೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದರು, ಮನಶ್ಶಾಸ್ತ್ರದ ಮೇಷ್ಟ್ರು ಅವರು. ದೇಶಕ್ಕೆಲ್ಲ 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ಹೋಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಆಮೇಲೆ ನಮ್ಮ ಭದ್ರಾವತಿ. ಗಿರೀಶ ಕಾರ್ನಾಡರ ಟಿಪ್ಪುವಿನ ಕನಸುಗಳ ನಾಟಕ ಮೊದಲು ಬಿಬಿಸಿ ರೇಡಿಯೋಗೆಂದೇ ಹುಟ್ಟಿದ್ದು. ಎಷ್ಟು ನಾಟಕ ಪ್ರಸಾರ ಆಗಿರಬೇಕು! ಆದರೆ ಸ್ಪೂಲ್ ಟೇಪು ದುಬಾರಿ ಇದ್ದ ಕಾಲ, ಒಂದರ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುವುದು ಲೋಕದಲ್ಲೆಲ್ಲ ರೂಢಿಯಾಗಿತ್ತು. ಬಿಬಿಸಿಯಂಥ ಬಿಬಿಸಿಯೇ ಎಷ್ಟೋ ಅಳಿಸಿ ಹಾಕಿತು. ಉಳಿದದ್ದರಲ್ಲಿ ಕೆಲವು ಈಗ ಯೂಟ್ಯೂಬಿಗೆ ಬರುತ್ತಿವೆ, ಹುಡುಕಿದರೆ ಸಿಗುತ್ತವೆ. ಮಿಕ್ಕವು ಎಲ್ಲಾದರೂ ಇದ್ದರೆ ನಮ್ಮ ಮನೆಗಳ ಅಟ್ಟದ ಮೇಲೆ, ಹಳೇ ಕ್ಯಾಸೆಟ್ಟುಗಳಲ್ಲಿ ಇರಬೇಕು. ನಮ್ಮ ಸಂಗ್ರಹಕಾರರು ನಾವೇ ಆಗಬೇಕು, ಬೇರೆ ಯಾರು ಬರ್ತಾರೆ?

ಚಿತ್ರದುರ್ಗದಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಂಥದ್ದೊಂದು ಸಿಕ್ಕಿತು. ಮೇಲೆ ಬಾಲ್ ಪೆನ್ನಿನಲ್ಲಿ 'ನಾಟಕ' ಅಂತ ಮಾತ್ರ ಬರೆದಿತ್ತು. ಇನ್ನೊಂದು ಮಗ್ಗುಲಲ್ಲಿ ವಚನ ಗಾಯನ. ಟೇಪಿಗೆ ಒತ್ತು ಕೊಡುವ ಸಣ್ಣ ಸ್ಪಂಜು ಕಳಚಿ ಬಿದ್ದಿತ್ತು, ಬೇರೆ ಕ್ಯಾಸೆಟ್ಟಿನದು ತೆಗೆದು ಅಂಟಿಸಿದೆ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಕಂದು ಬಣ್ಣದ ಕೊಳೆ ಬಂತು. ಹೆಡ್ಡಿನ ಪಕ್ಕದ ಸ್ಕ್ರೂ ಒಂದು ಕೂದಲೆಳೆ ತಿರುಗಿಸಿದ ಕೂಡಲೇ, ಕಂಬಳಿಯೊಳಗಿಂದ ಬಂದ ಹಾಗಿದ್ದ ಮಾತು ಎದ್ದು ಕೂತಿತು. ಅಲ್ಲಿಂದ ಒಂದು ವೈರು ಕಂಪ್ಯೂಟರಿಗೆ, ಅಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ. ಇದನ್ನು ಮಾಡುವವರಿಗೆ ಒಂದು ಮಾತು: ಸುಯ್ ಅನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅದರ ಜೊತೆ ನಟರ ಉಸಿರೂ ಹೋಗುತ್ತದೆ.

ದೊಡ್ಡಮ್ಮ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಅದು. ಹಾಗಾಗಿ ನಾಟಕದ ಜೊತೆ ಆ ದಿನದ ಮನೆಯೂ ಬಂದಿದೆ. ಒಂದು ಕಡೆ ಕುಕ್ಕರ್ ಕೂಗುತ್ತದೆ. ಇನ್ನೊಂದು ಕಡೆ ದೊಡ್ಡಪ್ಪ "ಬಾಗಿಲು ಹಾಕ್ಲೇನೇ" ಅಂತ ಕೇಳುತ್ತಾರೆ, ದೊಡ್ಡಮ್ಮ "ಶ್!" ಅನ್ನುತ್ತಾರೆ. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಆ ಜಾಗವನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು.

ಟೇಪು ಶುರುವಾಗುವುದು ಮಾತಿನ ನಡುವಿನಿಂದ. ಹಾಗಾಗಿ ನಾಟಕದ ಹೆಸರಿಲ್ಲ, ಬರೆದವರ ಹೆಸರಿಲ್ಲ. ತಮ್ಮ ಮುಂಬೈಗೆ ಓಡಿಹೋಗಿ ಸತ್ತ ಅಂತ ಊರಿಗೆಲ್ಲ ಹೇಳಿ ಅವನ ಪಾಲಿನ ಹೊಲ ಉಳುತ್ತಿರುವ ಅಣ್ಣ. ಮಳೆಯ ರಾತ್ರಿ ಯಾರೋ ಬಾಗಿಲು ಬಡಿದು ಕುಡಿಯೋಕೆ ನೀರು ಕೇಳುತ್ತಾರೆ. ಮುದುಕಿ ತಾಯಿ ಆ ದನಿ ಕೇಳಿ ಸುಮ್ಮನಾಗಿಬಿಡುತ್ತಾಳೆ. ಅಣ್ಣನ ಚಪ್ಪಲಿ ಸದ್ದು ಬಾಗಿಲ ಕಡೆ ಹೋಗುತ್ತದೆ, ಅಗುಳಿ ತೆಗೆಯುತ್ತಾನೆ, ಕಿರ್ ಅನ್ನುತ್ತದೆ. ಟಕ್. ಅರ್ಧ ಗಂಟೆಯ ಮಗ್ಗುಲು ಮುಗಿಯಿತು. ತಿರುಗಿಸಿ ಹಾಕಿದರೆ ವಚನ ಅಳಿಸಿಹೋಗುತ್ತದೆ ಅಂತ ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿದ್ದರು.

ಆ ನಾಟಕದ ಕೊನೆ ಏನು ಅಂತ ಮನೆಯವರನ್ನೆಲ್ಲ ಕೇಳುತ್ತಾ ಬಂದೆ. ತಮ್ಮ ಯಾರು ಅಂತ ಹೇಳದೆ ನೀರು ಕುಡಿದು ಹಾಗೇ ಹೊರಟುಹೋಗುತ್ತಾನೆ ಅಂತ ಅಮ್ಮ. ಬಂದವನು ತಮ್ಮನೇ ಅಲ್ಲ, ತಮ್ಮ ನಿಜವಾಗಲೂ ಸತ್ತ ಸುದ್ದಿ ತಂದ ಸ್ನೇಹಿತ ಅಂತ ಮಾವ. ಮಾವ ಹೇಳಿದ್ದೇ ಸರಿಯಾಗಿರಬೇಕು ಅಂತ ನನಗೆ ಅನ್ನಿಸುತ್ತದೆ, ಆ ತಾಯಿಯ ಮೌನಕ್ಕೆ ಅದು ಹೊಂದುತ್ತದೆ. ದೊಡ್ಡಮ್ಮ ಮಾತ್ರ ಸುತಾರಾಂ ಒಪ್ಪುವುದಿಲ್ಲ. ಅಣ್ಣ ಕಾಲಿಗೆ ಬಿದ್ದು ಹೊಲ ವಾಪಸ್ ಕೊಡ್ತಾನೆ ಅಂತ ಅವರು.

"ರೆಕಾರ್ಡ್ ಮಾಡ್ದೋಳು ನಾನು. ನಂಗೆ ಗೊತ್ತಿಲ್ವೇನಲೇ?"